ಜ್ಯೂಲಿಯ ಮನೆಯ ಗಾಳಿ

೯ ಸೆಪ್ಟೆಂಬರ್, ಮಂಗಳವಾರ

ಮನೆಯ ಗಾಳಿ ಪರೀಕ್ಷೆ ಮಾಡಲು ಬರುತ್ತೇನೆ ಅಂದರೆ ಸಾಕು, ಜನ ಮೊದಲು ಮಾಡುವ ಕೆಲಸ ಮನೆ ತೊಳೆಯುವುದು. ಹೆಣ್ಣು ನೋಡಲು ಬರುವವರಿಗೂ ಇಷ್ಟು ಸಿಂಗಾರ ಇರುವುದಿಲ್ಲ. ಕಳೆದ ವಾರ ಹಳಿಯಾಳದಲ್ಲಿ ಒಬ್ಬರು ಗೋಡೆಗೆ ಹೊಸ ಬಣ್ಣವನ್ನೇ ಹೊಡೆಸಿದ್ದರು. ಆ ವಾಸನೆಗೆ ನನಗೇ ತಲೆ ತಿರುಗಿತು. ಮಷೀನನ್ನು ಬ್ಯಾಗಿನಿಂದ ತೆಗೆಯದೆ ವಾಪಸ್ ಬಂದೆ. ಜ್ವರ ಇಳಿಸಿಕೊಂಡು ಡಾಕ್ಟರ ಹತ್ತಿರ ಹೋದರೆ ಅವರೇನು ನೋಡಬೇಕು? ಫೋನಿನಲ್ಲಿ ಬಾಯಿ ನೋಯುವಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ.

ಇವತ್ತು ಕುಂಬಾರವಾಡದ ಆಚೆ ಕಾಡಿನಂಚಿನ ಒಂದು ಹೋಮ್‌ಸ್ಟೇಗೆ ಹೋಗಿದ್ದೆ. ಬಸ್ಸನ್ನು ನಂಬಿ ಆ ಕಡೆ ಹೋಗುವಂತಿಲ್ಲ, ದಾಂಡೇಲಿಯಿಂದ ಸ್ಕೂಟಿಯ ಮೇಲೇ ಹೋದೆ. ಸೊಂಟ ಇನ್ನೂ ನೋಯುತ್ತಿದೆ. ಮಾಲಕಿ ಜ್ಯೂಲಿ ಎಂಬ ಸಿದ್ದಿ ಹೆಂಗಸು, ಗಂಡ ಅಂಕುಶ. ತಾವಿರುವ ಮನೆಯ ಪಕ್ಕದಲ್ಲೇ ಹಂಚಿನ ಕೋಣೆಗಳನ್ನು ಕಟ್ಟಿ ಈ ಮಳೆಗಾಲದಲ್ಲಿ ಶುರು ಮಾಡಿದ್ದಾರೆ. ಅಷ್ಟರಲ್ಲೇ ಬಂದವರು ಕೆಲವರು ‘ಮಲಗಿದರೆ ಕೆಮ್ಮು ಬರುತ್ತದೆ, ಇಲ್ಲಿ ಬೂಷ್ಟು ಇದೆ’ ಎಂದು ಬರೆದು ಹಾಕಿದರು. ಬುಕಿಂಗ್ ಕಂಪನಿ ಇವರ ಮನೆಯನ್ನು ತನ್ನ ಪಟ್ಟಿಯಿಂದಲೇ ತೆಗೆದುಬಿಟ್ಟಿತು. ಗಾಳಿ ಚೆನ್ನಾಗಿದೆ ಎಂಬ ರಿಪೋರ್ಟು ಕೊಟ್ಟರೆ ಮಾತ್ರ ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಕಂಪನಿ ಕಳಿಸದಿದ್ದರೆ ಆ ಊರಿಗೆ ದಾರಿ ತಪ್ಪಿಯೂ ಯಾರೂ ಬರುವುದಿಲ್ಲ.

“ಬರ್ರಿ ಮೇಡಂ, ಎಲ್ಲಾ ಸ್ವಚ್ಛ ಮಾಡೇವ್ರಿ. ಒಂದು ಇರುವಿ ಸೈತ ಸಿಗಂಗಿಲ್ಲ ನಿಮಗ,” ಎಂದಳು ಜ್ಯೂಲಿ, ದೊಡ್ಡ ನಗೆಯೊಂದಿಗೆ.

ಗೋಡೆಗೆ ಸುಣ್ಣ. ನೆಲಕ್ಕೆ ಫಿನಾಯಿಲು. ಅದೂ ಸಾಲದೆಂದು ಕೋಣೆಯ ನಡುವೆ ಕೆಂಡದ ಮೇಲೆ ಲೋಬಾನ, ಎದುರಿಗಿದ್ದವರ ಮುಖ ಕಾಣದಷ್ಟು ಹೊಗೆ.

“ಇದ್ಯಾಕ್ರಿ?” ಎಂದೆ.

“ನೀವು ಮುಸಲ್ಮಾನರ ಪೈಕಿ ಅಂತ ಹೆಸರು ನೋಡಿ ಗೊತ್ತಾತ್ರಿ. ಅದಕ ನಮ್ಮ ಬಾಜೂಮನಿ ಹುಸೇನಬಿ ಮಾವಶಿ ಕಡೆಯಿಂದ ಇಸಕೊಂಡ ಬಂದೆ.”

ನನ್ನ ಮರ್ಯಾದೆಗೆ ಹಾಕಿದ ಹೊಗೆ ಹೊರಗೆ ಹೋಗುವವರೆಗೆ ಅಂಗಳದಲ್ಲಿ ಕಾಯಬೇಕಾಯಿತು. ಆಮೇಲೆ ಪಂಪು ಹಚ್ಚಿದೆ. ಅದು ಗಾಳಿಯನ್ನು ಒಂದು ಪುಟ್ಟ ಡಬ್ಬಿಯೊಳಗೆ ಎಳೆಯುತ್ತದೆ, ಗಾಳಿಯಲ್ಲಿದ್ದ ಬೂಷ್ಟಿನ ಕಣಗಳು ಒಳಗಿನ ಅಂಟಿಗೆ ಹತ್ತುತ್ತವೆ, ಪುಣೆಯ ಲ್ಯಾಬಿನವರು ಎಣಿಸುತ್ತಾರೆ. ಹೋಲಿಸಿ ನೋಡಲು ಅಂಗಳದ ಗಾಳಿಯನ್ನೂ ಹಿಡಿದೆ. ತೇವ ನೋಡುವ ಮೀಟರನ್ನು ಗೋಡೆಗೆ ಒತ್ತಿದರೆ ಹೊಸ ಸುಣ್ಣದ ಹಸಿ ಬಿಟ್ಟು ಏನೂ ಇಲ್ಲ.

ಹೊರಡುವಾಗ ಚಹಾ ತಂದಳು. ಗಿರಾಕಿಗಳ ಮನೆಯಲ್ಲಿ ನೀರು ಕೂಡ ಕುಡಿಯಬಾರದು ಎಂಬುದು ನಮ್ಮ ಹುಬ್ಬಳ್ಳಿ ಆಫೀಸಿನ ನಿಯಮ. ಬೇಡ ಎಂದೆ. ಮುಖ ಸಣ್ಣ ಮಾಡಿಕೊಂಡಳು. ನಾನೇನು ನೆಂಟಸ್ತನ ಮಾಡಲು ಹೋಗಿದ್ದೆನೇ?

೧೭ ಸೆಪ್ಟೆಂಬರ್, ಬುಧವಾರ

ಕುಂಬಾರವಾಡದ ಹೋಮ್‌ಸ್ಟೇ ಫಲಿತಾಂಶ ಬಂತು. ಅಂಗಳಕ್ಕಿಂತ ಒಳಗೇ ಗಾಳಿ ಸ್ವಚ್ಛ. ಸಹಿ ಹಾಕಿ ಕಳಿಸಿದೆ. ಕಂಪನಿ ಮತ್ತೆ ಸೇರಿಸಿಕೊಂಡಿತು. ಆ ಹೆಂಗಸು ಫೋನ್ ಮಾಡಿ ಒಂದೇ ಉಸಿರಿಗೆ ಹರಸಿದಳು. ಪೇಟೆಯವರಿಗೆ ಕಾಡಿಗೆ ಬಂದರೆ ಸಾಕು ಕೆಮ್ಮು ನೆನಪಾಗುತ್ತದೆ.

ಅಮ್ಮಿ ಇವತ್ತು ಪಕ್ಕದ ಮನೆಯವರಿಗೆ ನನ್ನ ಕೆಲಸ ವಿವರಿಸುತ್ತಿದ್ದಳು. “ನಮ್ಮ ಮಹೆಜಬೀನ ಮಂದಿ ಮನೀಗೆ ಹೋಗಿ ಗಾಳಿ ಡಬ್ಬಿಯಾಗ ತುಂಬಕೊಂಡ ಬರ್ತಾಳ. ಅದಕ್ಕ ಪಗಾರ ಬೇರೆ ಕೊಡ್ತಾರ!” ದಾಂಡೇಲಿಯ ಬಂಗೂರನಗರದ ಈ ಗಲ್ಲಿಯಲ್ಲಿ ಇನ್ನು ನನಗೆ ಮರ್ಯಾದೆ ಉಳಿದಂತೆಯೇ.

೪ ಅಕ್ಟೋಬರ್, ಶನಿವಾರ

ದಸರಾ ರಜೆಗೆ ಜ್ಯೂಲಿಯ ಮನೆಗೆ ಬೆಳಗಾವಿಯಿಂದ ವಿದ್ಯಾವತಿ ಎಂಬ ನಿವೃತ್ತ ಶಿಕ್ಷಕಿ ಬಂದಿದ್ದರು. ನಸುಕಿನಲ್ಲಿ ಉಸಿರೇ ಸಿಗದೆ ಒದ್ದಾಡಿದ್ದಾರೆ. ಅಂಕುಶ ಎತ್ತಿಕೊಂಡು ಜೀಪಿಗೆ ಹಾಕಿ ಜೋಯಿಡಾ ಆಸ್ಪತ್ರೆಗೆ ಓಡಿದ್ದಾನೆ. ಅಲ್ಲಾಹನ ದಯೆ, ಈಗ ಆರಾಮಾಗಿ ಊರು ಸೇರಿದ್ದಾರೆ.

ಜ್ಯೂಲಿ ಫೋನಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. “ನಿಮ್ಮ ರಿಪೋರ್ಟ್ ಕಾಗದಕ್ಕ ಕಟ್ಟ ಹಾಕಿಸಿ ಗ್ವಾಡಿಗೆ ತೂಗಹಾಕಿದ್ದೆ ಮೇಡಂ. ಟೀಚರ್ ಬಾಯಿ ಅದರ ಕೆಳಗನ ಕುಂತು ಕೆಮ್ಮಿದ್ರು,” ಎಂದಳು ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತು ಆಡುತ್ತಿದ್ದೆ.

ಕಂಪನಿ ಮತ್ತೆ ಪಟ್ಟಿಯಿಂದ ತೆಗೆದಿದೆ. ನವೆಂಬರ್ ಮುಗಿಯುವುದರೊಳಗೆ ಇನ್ನೊಂದು ರಿಪೋರ್ಟು ಬರಬೇಕು, ಇಲ್ಲವಾದರೆ ಶಾಶ್ವತವಾಗಿ ಬಾಗಿಲು ಮುಚ್ಚಿದಂತೆ. ಅಂಕುಶ ಮೊದಲು ಗೋವಾದಲ್ಲಿ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದನಂತೆ. ವರ್ಷದಲ್ಲಿ ಹೆಚ್ಚು ದಿನ ಮನೆಯಲ್ಲೇ ಇರುತ್ತಿರಲಿಲ್ಲ. ಅವನು ಮನೆಯಲ್ಲಿರಲಿ ಎಂದೇ ಈ ಹೋಮ್‌ಸ್ಟೇ ಮಾಡಿದ್ದಂತೆ. ಇದು ನಿಂತರೆ ಮತ್ತೆ ಬೋಟೇ ಗತಿ.

ಇವತ್ತು ಎಲ್ಲರ ಮೇಲೂ ಸಿಟ್ಟು. ಆ ಶಿಕ್ಷಕಿಗೆ ದಮ್ಮು ಊರಿನಿಂದಲೇ ಬಂದಿರಬೇಕು ಎಂದು ಸಿಟ್ಟು. ಸುಣ್ಣ ಬಳಿದ ಜ್ಯೂಲಿಯ ಮೇಲೆ ಸಿಟ್ಟು. ಸಾರಿನಲ್ಲಿ ಉಪ್ಪಿಲ್ಲ ಎಂದು ಅಮ್ಮಿಯ ಮೇಲೂ ಹಾರಾಡಿದೆ. ಉಪ್ಪು ಸರಿಯಾಗಿಯೇ ಇತ್ತು.

೫ ಅಕ್ಟೋಬರ್, ಭಾನುವಾರ

ಏನೂ ಬರೆಯುವ ಮನಸ್ಸಿಲ್ಲ.

೯ ಅಕ್ಟೋಬರ್, ಗುರುವಾರ

ಎರಡನೇ ಸಲ ಕುಂಬಾರವಾಡ. ಈ ಸಲ ಮೊದಲೇ ಬೆದರಿಸಿದ್ದೆ. ಪೊರಕೆ ಮುಟ್ಟಬೇಡ, ಸುಣ್ಣ ಬೇಡ, ಫಿನಾಯಿಲು ಬೇಡ, ಊದುಬತ್ತಿಯನ್ನೂ ಹಚ್ಚಬೇಡ, ಹಿಂದಿನ ದಿನದಿಂದ ಕಿಟಕಿ ಮುಚ್ಚಿಡು.

“ಜೇಡರ ಬಲಿ ಸೈತ ತಗದಿಲ್ರಿ. ನೋಡಿದ್ರ ನನಗ ನಾಚಿಕಿ ಬರ್ತೈತಿ. ನಮ್ಮವ್ವ ನೋಡಿದ್ರ ಮನೀ ಬಿಟ್ಟು ಹೊರಗ ಹಾಕತಿದ್ಲು,” ಎಂದಳು.

ನಿಜಕ್ಕೂ ಏನೂ ಮುಟ್ಟಿರಲಿಲ್ಲ. ಹಾಸಿಗೆಗಳ ಮೇಲೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಚಾದರ. ಇದು ಹೊಸದಲ್ಲವೇ ಎಂದರೆ, “ನಿಮ್ಮಂಥಾ ಆಫೀಸರು ಬಂದಾಗ ಅಂತನ ಇಟ್ಟೇನ್ರಿ,” ಎಂದಳು. ಇರಲಿ, ಚಾದರದಿಂದ ಯಾರಿಗೂ ದಮ್ಮು ಬಂದದ್ದಿಲ್ಲ. ಮಂಚದ ಕೆಳಗೆ ತೆವಳಿದೆ. ಏಣಿ ಹತ್ತಿ ಹಂಚಿನ ಸಂದಿಯಲ್ಲಿ ಕೈ ಹಾಕಿದೆ. ಕಪಾಟು ಸರಿಸಿ ಹಿಂದಿನ ಗೋಡೆಗೆ ಅಂಟು ಟೇಪು ಒತ್ತಿ ತೆಗೆದೆ. ಪ್ರತಿ ಕೋಣೆಯಲ್ಲೂ ಪಂಪು ಹಚ್ಚಿದೆ. ಅಂಗಳದಲ್ಲಿ ಹುಸೇನಬಿ ಮಾವಶಿ ಏನೋ ಹೊಲಿಯುತ್ತ ಕೂತು ನನ್ನನ್ನು ನೋಡಿ ನಗುತ್ತಿದ್ದಳು. ಮೈತುಂಬ ಧೂಳಾಗಿ ನಾನು ಕಪಾಟಿನ ಹಿಂದಿನಿಂದ ಹೊರಬಂದಾಗ, “ಮೇಡಂಗ ಹತ್ತಾಕ ಇನ್ನೂ ಅಟ್ಟ ಒಂದು ಉಳದೈತಿ,” ಎಂದಳು.

ಜ್ಯೂಲಿ ಚಹಾದ ಲೋಟವನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟಳು. “ಇದು ಮನೀ ಒಳಗಿಲ್ರಿ, ಅಂಗಳದಾಗ ಐತಿ. ನಿಮ್ಮ ಕಂಪನಿ ಕಾನೂನು ಅಂಗಳಕ್ಕೂ ಬರ್ತೈತೇನು?”

ಗಂಟಲು ಒಣಗಿತ್ತು, ಕುಡಿದೆ. ಶುಂಠಿ ಚಹಾ, ಚೆನ್ನಾಗಿತ್ತು.

೧೭ ಅಕ್ಟೋಬರ್, ಶುಕ್ರವಾರ

ಮತ್ತೆ ಸ್ವಚ್ಛ! ಟೇಪಿನಲ್ಲಿ ಅಲ್ಲೊಂದು ಇಲ್ಲೊಂದು ಕಣ, ಎಲ್ಲರ ಮನೆಯಲ್ಲಿರುವಷ್ಟೇ. ತಲೆ ಕೆಟ್ಟುಹೋಗಿದೆ.

ಆಫೀಸಿನ ಸುಭಾಸ ಸರ್ ಫೋನ್ ಮಾಡಿದರು. “ಲ್ಯಾಬಿನವರ ಸ್ವಚ್ಛ ಅಂದಮ್ಯಾಲ ನಿಮ್ದೇನ್ರಿ ತಕರಾರು? ಸಹಿ ಹಾಕಿ ಮುಗಸ್ರಿ. ಹೆಂಗೂ ಅವರಿಗೂ ಅದ ಬೇಕು.”

“ಕಾಡಿನಾಗ ಮತ್ತೊಬ್ರಿಗೆ ಉಸಿರು ನಿಂತ್ರ ಯಾರು ಸರ್ ಜವಾಬ್ದಾರಿ? ನಾ ಸಹಿ ಹಾಕಂಗಿಲ್ಲ,” ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ. ಸುಭಾಸ ಸರ್ ಫೋನ್ ಇಟ್ಟೇಬಿಟ್ಟರು.

ಜ್ಯೂಲಿ ಬೇಡುತ್ತಾಳೆ, ಕೊಟ್ಟುಬಿಡಿ ಅನ್ನುತ್ತಾಳೆ ಅಂದುಕೊಂಡೇ ಅವಳಿಗೆ ಫೋನ್ ಹಚ್ಚಿದೆ. ಅವಳು, “ಕಾಗದ ಬ್ಯಾಡ್ರಿ. ಟೀಚರ್ ಬಾಯಿ ಯಾಕ ಕೆಮ್ಮಿದ್ರು ಅದನ್ನ ಹೇಳ್ರಿ ನನಗ. ಅದು ತಿಳೀದ ಇನ್ನೊಬ್ರನ್ನ ಕರದು ಮಲಗಸೂದು ನನ್ನಿಂದ ಆಗಂಗಿಲ್ಲ,” ಎಂದಳು.

ದೀಪಾವಳಿ ಮುಗಿಸಿ ಕೆಲಸಕ್ಕೆ ಬಾ ಎಂದು ಪಣಜಿಯಿಂದ ಬೋಟಿನ ಮಾಲಕ ಅಂಕುಶನಿಗೆ ಹೇಳಿಕಳಿಸಿದ್ದಾನಂತೆ. ಅವನು ನವೆಂಬರ್ ಕೊನೆಯವರೆಗೆ ತಡೆಯಿರಿ ಎಂದಿದ್ದಾನೆ. ನನ್ನನ್ನು ನಂಬಿ ತಡೆಯಿರಿ ಎಂದಿದ್ದಾನೆ. ಅಯ್ಯೋ.

೨೬ ಅಕ್ಟೋಬರ್, ಭಾನುವಾರ

ಜ್ಯೂಲಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಸುಮ್ಮನೆ ಇನ್ನೊಮ್ಮೆ ಮನೆ ಸುತ್ತಿ ನೋಡೋಣ ಎಂದು ಬಂದಿದ್ದೆ. ಆಫೀಸಿಗೆ ಹೇಳಿಲ್ಲ. ಹೊತ್ತಲ್ಲದ ಹೊತ್ತಿನ ಮಳೆ ಹಿಡಿದುಕೊಂಡಿತು. ರಸ್ತೆಗೆ ಮರ ಬಿತ್ತು. ಸ್ಕೂಟಿಯೊಳಗೆ ನೀರು ಹೋಗಿ ಅದು ಕೆಮ್ಮಿ ಕೆಮ್ಮಿ ನಿಂತಿತು. ತೊಯ್ದು ತೊಪ್ಪೆಯಾದ ನನ್ನ ಬಟ್ಟೆ ಬಿಚ್ಚಿಸಿ ಜ್ಯೂಲಿ ತನ್ನ ಸೀರೆ ಉಡಿಸಿದಳು. ಒಲೆಯ ಮುಂದೆ ಕೂರಿಸಿ ಬಿಸಿ ಗಂಜಿ, ಸುಟ್ಟ ಒಣಮೀನು ಹಾಕಿದಳು. ಎರಡು ಸಲ ಕೇಳಿ ಹಾಕಿಸಿಕೊಂಡೆ.

ಮಲಗಲು ಕೋಣೆಗೆ ಹೋದರೆ ಹಾಸಿಗೆಯ ಮೇಲೆ ಬಿಳಿ ಚಾದರವಿಲ್ಲ. ದಪ್ಪನೆಯ ಕೌದಿ. ಕೆಂಪು, ಹಸಿರು, ಹಳದಿ ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು, ಮೂಲೆಮೂಲೆಗೆ ಬಟ್ಟೆಯ ಹೂವು. ಎಷ್ಟು ಚೆಂದವಿದೆ ಎಂದರೆ ಕೈಯಾಡಿಸುತ್ತಲೇ ನಿಂತೆ.

“ಇದೆಲ್ಲಿತ್ತು ಇಷ್ಟು ದಿನ?” ಎಂದೆ.

“ನೀವು ಬಂದಾಗ ಎಲ್ಲಾ ತಗದು ನಮ್ಮ ಮನ್ಯಾಗ ಇಡತಿದ್ದೆ. ಹಳೇ ಅರಿವೀದು, ಆಫೀಸರಿಗೆ ಹೆಂಗ ಹಾಸೂದ್ರಿ? ಇವತ್ತ ನನ್ನ ಸೀರಿ ಉಟ್ಟೀರಿ, ಗಂಜಿ ಉಂಡೀರಿ. ಈಗ ನೀವೆಲ್ಲಿ ಆಫೀಸರು? ನಮ್ಮಾಕಿ ನೀ.”

ಬೆಚ್ಚಗೆ ಹೊದ್ದು ಮಲಗಿದೆ. ಬೆಳಗ್ಗೆ ಎದ್ದರೆ ಮೂಗು ಕಟ್ಟಿದೆ, ಕಣ್ಣು ತುರಿಸುತ್ತಿದೆ, ಎದೆಯೊಳಗೆ ಸಣ್ಣ ಶಿಳ್ಳೆ. ಮಳೆಯಲ್ಲಿ ತೊಯ್ದದ್ದಕ್ಕೆ ನೆಗಡಿ ಎಂದುಕೊಂಡೆ. ಎದ್ದು ಅಂಗಳಕ್ಕೆ ಹೋದರೆ ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಒಳಗೆ ಬಂದು ಮತ್ತೆ ಕೌದಿ ಹೊದ್ದೆ. ಮತ್ತೆ ಶಿಳ್ಳೆ! ನನ್ನ ಜನ್ಮದಲ್ಲಿ ಒಂದು ಕೆಮ್ಮಿಗೆ ಇಷ್ಟು ಖುಷಿಪಟ್ಟಿಲ್ಲ.

ಬ್ಯಾಗಿನಿಂದ ಮೀಟರು ತೆಗೆದು ಅದರ ಮುಳ್ಳುಗಳನ್ನು ಕೌದಿಗೆ ಚುಚ್ಚಿದೆ. ಅಂಚಿನಲ್ಲಿ ಒಣಗಿದೆ. ಮೂಲೆಯಲ್ಲೂ ಒಣಗಿದೆ. ನಟ್ಟನಡುವೆ ಚುಚ್ಚಿದರೆ ಮೀಟರು ತೇವ ಸಿಕ್ಕಿತೆಂದು ಕುಂಯ್ ಎಂದು ಕೂಗಿಕೊಂಡಿತು. ಉಳಿದ ಕೋಣೆಗಳ ಕೌದಿಗಳನ್ನೂ ತರಿಸಿದೆ. ಎಲ್ಲವೂ ನಡುವಿನಲ್ಲೇ ಕೂಗಿದವು.

ಜ್ಯೂಲಿ ಹೋಗಿ ಹುಸೇನಬಿ ಮಾವಶಿಯನ್ನು ಕರೆತಂದಳು. ಈ ಕೌದಿಗಳನ್ನೆಲ್ಲ ಹೊಲಿದವಳು ಅವಳೇ. ನಡುವೆ ಏನಿದೆ ಮಾವಶಿ ಎಂದು ಕೇಳಿದೆ.

“ಏನಿರ್ತೈತಿ? ಅಕ್ಕಿ,” ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. “ಹೊಲದು ಮುಗಸೂ ಮುಂದ ನಾಕ ಕಾಳು ಅಕ್ಕಿ ಹಾಕ್ತೇವಿ. ಕೌದಿ ಹೊಟ್ಟಿ ಖಾಲಿ ಇರಬಾರದು.”

“ನಾಲ್ಕೇ ಕಾಳೇ?”

ಮಾವಶಿ ಜ್ಯೂಲಿಯ ಮುಖ ನೋಡಿದಳು. ಜ್ಯೂಲಿ ನೆಲ ನೋಡಿದಳು. “ನಾನ ಹೇಳಿದ್ನಿ, ಮಂದಿ ದೂರದಿಂದ ಬರ್ತಾರ, ಕೈ ಬಿಗಿ ಹಿಡೀಬ್ಯಾಡ, ಹೊಟ್ಟಿ ತುಂಬ ಹಾಕು ಅಂತ. ಮಾವಶಿ ಬೊಗಸಿ ಬೊಗಸಿ ಹಾಕಿದ್ಲು.”

ಸುರಿಯುವ ಆಷಾಢದಲ್ಲಿ, ತೇವ ಹೀರಿದ ಅಕ್ಕಿ, ಬೊಗಸೆ ತುಂಬ, ಪದರ ಪದರ ಬಟ್ಟೆಯೊಳಗೆ. ನಾನು ಕತ್ತರಿ ತೆಗೆದೆ. ಮಾವಶಿ ಕೈಯಿಂದ ಕಿತ್ತುಕೊಂಡಳು. “ಹೊಲದಾಕಿ ನಾನು, ಬಿಚ್ಚಾಕಿನೂ ನಾನ.” ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದಳು. ಒಳಗಿನ ಬಟ್ಟೆಯ ಮೇಲೆ ಹಸಿರುಗಪ್ಪು ಮುದ್ದೆ ಅಂಟಿಕೊಂಡಿತ್ತು. ವಾಸನೆ ಗುಪ್ಪೆಂದು ಹೊಡೆಯಿತು. ಮಾವಶಿ ಅದನ್ನು ನೋಡುತ್ತ ಕೂತುಬಿಟ್ಟಳು.

“ಮಂದಿಗೆ ಉಣ್ಣಾಕ ಹಾಕೇನಿ ಅಂದ್ಕೊಂಡಿದ್ದೆ. ಏನ ಹಾಕೇನಿ ನೋಡು,” ಎಂದಳು. ಎದ್ದು ಹೋದಳು. ಕರೆದರೂ ತಿರುಗಲಿಲ್ಲ.

ಕಾರಣ ಸಿಕ್ಕಿತು, ಕುಣಿಯಬೇಕು ಅನ್ನಿಸುತ್ತಿದೆ. ಆ ಮುದುಕಿಯ ಬೆನ್ನು ನೆನೆದರೆ ಅಳು ಬರುತ್ತಿದೆ. ಎರಡೂ ಒಟ್ಟಿಗೆ.

೩೦ ಅಕ್ಟೋಬರ್, ಗುರುವಾರ

ಸುಭಾಸ ಸರ್‌ಗೆ ಎಲ್ಲ ಹೇಳಿದೆ. ಭೇಷ್ ಎಂದರು. ಆಮೇಲೆ, “ಕೌದಿ ಎಲ್ಲಾ ಸುಟ್ಟು ಹಾಕಸ್ರಿ. ಬಿಳಿ ಚಾದರ ಐತಲ್ಲ? ಅದನ್ನ ಹಾಸಿ ರಿಪೋರ್ಟ್ ಕೊಟ್ಟುಬಿಡ್ರಿ,” ಎಂದರು. ಸುಲಭದ ದಾರಿ. ನನಗೂ ಮೊದಲು ಹೊಳೆದದ್ದು ಅದೇ.

ಕಂಪನಿಯ ಪುಟ ತೆಗೆದು ನೋಡಿದೆ. ಜ್ಯೂಲಿಯ ಮನೆಯ ಪ್ರತಿ ಫೋಟೋದಲ್ಲೂ ಕೌದಿ! ಇದನ್ನು ನಾನು ಒಂದು ದಿನವೂ ತೆಗೆದು ನೋಡಿರಲಿಲ್ಲ. ಬಂದವರೆಲ್ಲ ಆ ಚಿತ್ರ ನೋಡಿಯೇ ಬಂದಿದ್ದಾರೆ.

ಜ್ಯೂಲಿ ಹೇಳಿದಳು, ಮಾವಶಿ ಅವತ್ತಿನಿಂದ ಅಂಗಳಕ್ಕೆ ಕಾಲಿಟ್ಟಿಲ್ಲವಂತೆ. ಸೂಜಿ ಮುಟ್ಟಿಲ್ಲವಂತೆ. “ಚಾದರ ಹಾಸಿ ಮನೀ ನಡಸಬಹುದು ಅಕ್ಕಾ. ಆದ್ರ ಮಾವಶಿ ತನ್ನ ಕೈಯಾಗ ವಿಷ ಐತಿ ಅಂತ ತಿಳಕೊಂಡ ಸಾಯ್ತಾಳ. ಅಂಥಾ ಮನ್ಯಾಗ ನಾ ಯಾರನ್ನ ಕರಕೊಂಡ ಮಲಗಸಲಿ?”

ಕೌದಿ ಹಾಸಿಯೇ ಪರೀಕ್ಷೆ ಮಾಡುತ್ತೇನೆ. ಸುಭಾಸ ಸರ್ ಏನಾದರೂ ಅಂದುಕೊಳ್ಳಲಿ.

೨ ನವೆಂಬರ್, ಭಾನುವಾರ

ಮಾವಶಿಯ ಮನೆ ಬಾಗಿಲಲ್ಲಿ ನಾನು, ಜ್ಯೂಲಿ. ಮಾವಶಿ ಕೂರಿ ಎನ್ನಲಿಲ್ಲ. ನಾವೇ ಕೂತೆವು.

“ಹೊಸಾ ಕೌದಿ ಹೊಲೀಬೇಕು ಮಾವಶಿ. ಅಕ್ಕಿ ಇಲ್ಲದ,” ಎಂದೆ.

“ಅಕ್ಕಿ ಇಲ್ಲದ್ದು ಕೌದಿ ಅಲ್ಲ, ಗೋಣಿಚೀಲ. ಪ್ಯಾಟ್ಯಾಗ ಸಿಗತಾವ, ತಂದ ಹಾಸ್ರಿ,” ಎಂದು ಮುಖ ತಿರುವಿದಳು.

ಅವಳಿಗೆ ಸಿಟ್ಟು ಬಂತಲ್ಲ, ನನಗೆ ಧೈರ್ಯ ಬಂತು. ಸುಮ್ಮನಿದ್ದವರ ಜೊತೆ ಜಗಳ ಆಡಲು ಆಗುವುದಿಲ್ಲ, ಇವಳ ಜೊತೆ ಆಡಬಹುದು. ತಪ್ಪು ಅಕ್ಕಿಯದ್ದಲ್ಲ, ನಿನ್ನ ಕೈಯದ್ದೂ ಅಲ್ಲ, ಅದರೊಳಗಿನ ನೀರಿನದ್ದು, ನೀರಿಲ್ಲದ ಕಡೆ ಬೂಷ್ಟು ಬಾ ಅಂದರೂ ಬರುವುದಿಲ್ಲ ಎಂದು ವಾದಿಸಿದೆ. ಮೀಟರನ್ನು ಅವಳ ಅಕ್ಕಿ ಡಬ್ಬಿಗೆ ಚುಚ್ಚಿದೆ. ಗೋಡೆಗೆಂದು ಮಾಡಿದ ಮೀಟರು ಅದು, ಆದರೂ ಕುಂಯ್ ಎಂದಿತು. ಮಾವಶಿ ಬೆಚ್ಚಿದಳು.

“ಹುರದು ನೋಡೂಣೇನು?” ಎಂದಳು ಜ್ಯೂಲಿ.

ಒಲೆ ಹಚ್ಚಿದೆವು. ಬಾಣಲೆಯಲ್ಲಿ ಅಕ್ಕಿ ಚಟಚಟ ಎಂದು ಕೆಂಪಾಗುವವರೆಗೆ ಜ್ಯೂಲಿ ಹುರಿದಳು. ಆರಿದ ಮೇಲೆ ಮೀಟರು ಚುಚ್ಚಿದೆ. ಸದ್ದಿಲ್ಲ. ಮಾವಶಿ ನನ್ನ ಕೈಯಿಂದ ಮೀಟರು ಕಸಿದು ತಾನೇ ಚುಚ್ಚಿದಳು. ಇನ್ನೊಂದು ಕಡೆ ಚುಚ್ಚಿದಳು. ಹಸಿ ಅಕ್ಕಿಗೆ ಚುಚ್ಚಿ ಕೂಗಿಸಿದಳು, ಹುರಿದದ್ದಕ್ಕೆ ಚುಚ್ಚಿ ಸುಮ್ಮನಾಗಿಸಿದಳು.

“ಬಾಯಿ ಮುಚ್ಚೇತಿ ನೋಡು!” ಎಂದು ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಕರಾರು ಆಯಿತು. ಹುರಿದ ಅಕ್ಕಿ, ಅದೂ ನಾಲ್ಕೇ ಕಾಳು. ಹಳೇ ಬಟ್ಟೆಯನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಆಮೇಲೆ ಸೂಜಿ.

೯ ನವೆಂಬರ್, ಭಾನುವಾರ

ಮಳೆ ಹೊರಟುಹೋಗಿದೆ. ಎಂಥ ಬಿಸಿಲು! ಅಂಗಳದ ತುಂಬ ಬಣ್ಣಬಣ್ಣದ ಬಟ್ಟೆ. ಕೇರಿಯ ಹೆಂಗಸರೆಲ್ಲ ಹೊಲಿಯಲು ಬಂದಿದ್ದರು, ಕೊಂಕಣಿಯಲ್ಲಿ ಹಾಡು, ನಡುನಡುವೆ ನನ್ನ ಬಗ್ಗೆ ಏನೋ ಹೇಳಿ ನಗು. ನನಗೂ ಒಂದು ಸೂಜಿ ಕೊಟ್ಟರು. ನನ್ನ ಹೊಲಿಗೆ ನೋಡಿ ಮಾವಶಿ, “ಇದೇನು, ಅಣಶಿ ಘಟ್ಟದ ರಸ್ತೆಯೇನು?” ಎಂದಳು. ಬಿಚ್ಚಿಸಿ ಮತ್ತೆ ಹೊಲಿಸಿದಳು. ಬೆರಳಿಗೆಲ್ಲ ಸೂಜಿ ಚುಚ್ಚಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ.

೧೫ ನವೆಂಬರ್, ಶನಿವಾರ

ಪರೀಕ್ಷೆ ಆಯಿತು. ಪ್ರತಿ ಹಾಸಿಗೆಯ ಮೇಲೂ ಹೊಸ ಕೌದಿ. ಹಿಂದಿನ ರಾತ್ರಿ ಅವನ್ನೇ ಹೊದ್ದು ಜ್ಯೂಲಿ, ಅಂಕುಶ, ಕೇರಿಯವರು ಕೋಣೆಗೊಬ್ಬರಂತೆ ಬಾಗಿಲು ಮುಚ್ಚಿ ಮಲಗಿದ್ದರು. ಕೌದಿ ಕೊಡವಿ ಪಂಪು ಹಚ್ಚಿದೆ. ಗಾಳಿಯಲ್ಲಿ ಏನಿದ್ದರೂ ಡಬ್ಬಿಯೊಳಗೆ ಬರಲಿ. ಮಾವಶಿ ಬಾಗಿಲಲ್ಲಿ ನಿಂತು ಪಂಪು ನಿಲ್ಲುವವರೆಗೆ ದುವಾ ಓದುತ್ತಿದ್ದಳು. ಜ್ಯೂಲಿ ಒಳಗೆ ಯೇಸುವಿನ ಪಟದ ಮುಂದೆ. ಅಂಕುಶನೊಬ್ಬನೇ ಬೀಡಿ ಸೇದಲು ಗದ್ದೆಯ ಕಡೆ ಹೋದ. ಹೊಗೆ ಬರಬಾರದಲ್ಲ, ಪಾಪ, ತುಂಬ ದೂರ ಹೋದ.

೨೨ ನವೆಂಬರ್, ಶನಿವಾರ

ಗೆದ್ದೆವು! ಗೆದ್ದೆವು! ಗೆದ್ದೆವು!

ಅಂಗಳದ ಗಾಳಿಗಿಂತ ಕೌದಿ ಹಾಸಿದ ಕೋಣೆಯ ಗಾಳಿಯೇ ಸ್ವಚ್ಛ. ಟೇಪಿನಲ್ಲೂ ಏನೂ ಇಲ್ಲ. ಬೀದಿಗೆ ಕೇಳುವ ಹಾಗೆ ಕಿರುಚಿದೆನಂತೆ. ಅಮ್ಮಿ ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದಳು. ಅವಳನ್ನೇ ಹಿಡಿದು ತಿರುಗಿಸಿಬಿಟ್ಟೆ. “ಬಿಡ ಬೇಟಿ, ಮೊಳಕಾಲು!” ಎಂದು ನಗುತ್ತ ಬೈದಳು.

ಈ ಸಲ ರಿಪೋರ್ಟಿನಲ್ಲಿ ಕೌದಿಯ ಕಥೆಯನ್ನೂ ಬರೆದೆ. ಏನು ತಪ್ಪಾಗಿತ್ತು, ಹೇಗೆ ಸರಿ ಮಾಡಿದರು, ಎಲ್ಲ. ಮುಚ್ಚುಮರೆ ಯಾಕೆ? ಸಂಜೆಯೊಳಗೆ ಕಂಪನಿ ಮತ್ತೆ ಪಟ್ಟಿಗೆ ಸೇರಿಸಿತು. ಅಂಕುಶ ಬೋಟಿನ ಮಾಲಕನಿಗೆ ಬರುವುದಿಲ್ಲ ಎಂದು ಫೋನ್ ಮಾಡಿದನಂತೆ. ಸುಭಾಸ ಸರ್, “ಹಠಮಾರಿ ಅದೀರಿ ಬಿಡ್ರಿ,” ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡೆ.

೨೪ ನವೆಂಬರ್, ಸೋಮವಾರ

ಜ್ಯೂಲಿಗೆ ಹುಚ್ಚು ಹಿಡಿದಿದೆ. ಮೊದಲ ಅತಿಥಿಯಾಗಿ ಯಾರನ್ನು ಕರೆದಿದ್ದಾಳೆ? ಬೆಳಗಾವಿಯ ವಿದ್ಯಾವತಿ ಟೀಚರನ್ನು! ಫೋನ್ ಮಾಡಿ ಎಲ್ಲ ಹೇಳಿ, ಬರಲೇಬೇಕು ಎಂದು ಒಪ್ಪಿಸಿದ್ದಾಳೆ. ಅವರಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲ ಮುಗಿದ ಹಾಗೆ.

“ರಿಪೋರ್ಟು ಕೈಯಾಗ ಐತಿ, ಸುಮ್ನ ಯಾಕ ಇಲ್ಲದ ಉಸಾಬರಿ?” ಎಂದೆ.

“ರಿಪೋರ್ಟು ಆವಾಗೂ ಇತ್ತಲ್ಲ ಅಕ್ಕಾ,” ಎಂದಳು.

ಹಾಗಾದರೆ ಆ ದಿನ ನಾನೂ ಅಲ್ಲೇ ಇರುತ್ತೇನೆ ಎಂದೆ.

೩೦ ನವೆಂಬರ್, ಭಾನುವಾರ

ಟೀಚರ್ ನಿನ್ನೆ ಸಂಜೆ ಬಂದರು. ದಮ್ಮಿಗೆ ಎಳೆದುಕೊಳ್ಳುವ ಔಷಧದ ಪಂಪನ್ನು ದಾರಕ್ಕೆ ಕಟ್ಟಿ ಕೊರಳಿಗೇ ಹಾಕಿಕೊಂಡಿದ್ದರು. ಕೋಣೆಯೊಳಗೆ ಹೋಗುವ ಮುಂಚೆ ಕೌದಿಯನ್ನು ಮೂಸಿ ನೋಡಿದರು. ಮಾವಶಿ ಕಂಬದ ಮರೆಯಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ನಾನೂ ಜ್ಯೂಲಿಯ ಮನೆಯಲ್ಲೇ ಉಳಿದೆ. ಇರದಿದ್ದರೆ ದಾಂಡೇಲಿಯಲ್ಲಿ ಕೂತು ಸತ್ತೇಹೋಗುತ್ತಿದ್ದೆ.

ಬೆಳಗಾಯಿತು. ಬಿಸಿಲು ಅಂಗಳಕ್ಕೆ ಬಂತು. ಟೀಚರ ಬಾಗಿಲು ತೆರೆಯಲಿಲ್ಲ. ಬೆಳಗ್ಗೆ ಬೇಗ ಎದ್ದು ವಾಕಿಂಗ್ ಹೋಗುತ್ತೇನೆ ಎಂದು ಅವರೇ ಹೇಳಿದ್ದರು. ರೊಟ್ಟಿ ಆರಿತು. ಚಹಾ ಮತ್ತೆ ಕಾಯಿಸಿದಳು, ಅದೂ ಆರಿತು. ಬಿಸಿಲು ಕಟ್ಟೆ ಹತ್ತಿತು. ಕೆಮ್ಮಿನ ಸದ್ದೂ ಇಲ್ಲ, ಏನೂ ಇಲ್ಲ.

ಜ್ಯೂಲಿ ನನ್ನ ತೋಳು ಹಿಡಿದಳು. “ನೀ ಬಡಿ ಅಕ್ಕಾ,” ಎಂದಳು. “ನೀನ ಬಡಿ,” ಎಂದೆ. ಅಂಕುಶ ಹೋಗಿ ಜೀಪು ಶುರು ಮಾಡಿ ಹಿಂದಿನ ಬಾಗಿಲು ತೆರೆದಿಟ್ಟ. ಆ ಸದ್ದಿಗೂ ಒಳಗಿನಿಂದ ಉತ್ತರವಿಲ್ಲ. ಮಾವಶಿ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನೇ ಹೋಗಿ ಬಡಿದೆ. ಮೆಲ್ಲಗೆ ಬಡಿದೆ. ಆಮೇಲೆ ಎರಡೂ ಕೈಯಿಂದ ದಬದಬ ಬಡಿದೆ.

ಬಾಗಿಲು ತೆರೆಯಿತು. ಕೆದರಿದ ಕೂದಲು, ಕಿವಿಯವರೆಗೆ ಸುತ್ತಿಕೊಂಡ ಕೌದಿ, ಅರ್ಧ ಮುಚ್ಚಿದ ಕಣ್ಣು.

“ಯಾಕ್ರಿ, ಮನೀಗೆ ಬೆಂಕಿ ಗಿಂಕಿ ಬಿದ್ದೈತೇನು?” ಎಂದರು ಟೀಚರ್. “ಎಷ್ಟ ವರ್ಷ ಆಗಿತ್ತು ನನಗ ಹಿಂಗ ನಿದ್ದಿ ಹತ್ತಿ! ಕೆಡಿಸಿದ್ರಲ್ಲ?”

“ಚಹಾ ತರಲ್ರಿ?” ಎಂದಳು ಜ್ಯೂಲಿ.

“ಚಹಾ ಆಮ್ಯಾಲ ಕುಡೀತೇನಿ,” ಎಂದು ನಮ್ಮ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ಒಳ್ಳೆಯ, ಗಟ್ಟಿ, ತಡೆಯಿಲ್ಲದ ಗೊರಕೆ. ಜ್ಯೂಲಿ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅಂಕುಶ ಓಡಿಹೋಗಿ ಜೀಪು ಆರಿಸಿದ.

ಮಾವಶಿ ಮಾತ್ರ ಅಳಲಿಲ್ಲ. ಎದ್ದು ಬೆರಳನ್ನು ತುಟಿಯ ಮೇಲಿಟ್ಟು ನಮ್ಮಿಬ್ಬರನ್ನೂ ಗದರಿಸಿದಳು. ಬಾಗಿಲ ಹತ್ತಿರ ಕೊಕ್ಕೊಕ್ಕೋ ಎನ್ನುತ್ತಿದ್ದ ಕೋಳಿಗಳನ್ನು ಸೆರಗಿನಿಂದ ಅಟ್ಟಿದಳು. ಆಮೇಲೆ ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತಳು, ಟೀಚರ್ ತಾವಾಗಿಯೇ ಎದ್ದು ಬರುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.